ಕೆರಿಬಿಯನ್ ಹೋಟೆಲಿನಲ್ಲಿ ನನ್ನ ಹಗುರ ಊಟ

ಏನೇನು ಎಡವಟ್ಟಾಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರಿಯಾದ್‌ನ ಗುರುವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಕಾರಿನ ಎಸಿ ಕೈಕೊಡಬಹುದಿತ್ತು. ಪಾರ್ಕಿಂಗ್ ಸಿಗದಿರಬಹುದಿತ್ತು, ಸಿಕ್ಕಿದರೂ ಅದು ಯಾರದೋ ಗೇಟಿನ ಎದುರಾಗಿ, ತಿರುಗಿ ಬರುವಾಗ ಕಾರೇ ಇಲ್ಲದಿರಬಹುದಿತ್ತು. ಒಂದೊಂದು ಕುಟುಂಬಕ್ಕೂ ಒಂದೊಂದು ಪರದೆ ಕಟ್ಟಿದ ಫ್ಯಾಮಿಲಿ ಸೆಕ್ಷನ್ನಿನಲ್ಲಿ ನಾನು ತಪ್ಪು ಪರದೆ ಸರಿಸಿ ಇನ್ನೊಬ್ಬರ ಸಂಸಾರದ ಎದುರು ನಿಲ್ಲಬಹುದಿತ್ತು. ಅಲ್ಲಿಯ ಮೆಣಸು ನನ್ನ ಹೊಟ್ಟೆಯ ಹಳೇ ಹುಣ್ಣನ್ನು ಎಬ್ಬಿಸಬಹುದಿತ್ತು. ಎಲ್ಲಕ್ಕಿಂತ ಭಯಂಕರವಾದದ್ದು, ನಮ್ಮ ಡಾಕ್ಟರೇ ಪಕ್ಕದ ಮೇಜಿನಲ್ಲಿ ಕೂತಿರಬಹುದಿತ್ತು!

ಇಷ್ಟನ್ನೂ ನಾನು ಡೈರಿಯಲ್ಲಿ ಬರೆದು, ಒಂದೊಂದರ ಎದುರಿಗೂ ಪರಿಹಾರ ಬರೆದಿಟ್ಟಿದ್ದೆ. ನಾನು ಕಟ್ಟಡ ಕಂಪನಿಯೊಂದರ ಸೇಫ್ಟಿ ವಿಭಾಗದವನು. ಆಗದೇ ಇರುವ ಅಪಾಯಗಳ ಪಟ್ಟಿ ಮಾಡುವುದಕ್ಕೇ ನನಗೆ ಸಂಬಳ.

ಡಾಕ್ಟರರ ಭಯಕ್ಕೆ ಕಾರಣವಿತ್ತು. ಮೂರು ತಿಂಗಳ ಹಿಂದೆ ನನ್ನ ರಕ್ತದ ಸಕ್ಕರೆ ನೋಡಿ ಅವರು ಮಾತ್ರೆ ಬರೆಯಲು ಪೆನ್ನು ಎತ್ತಿದ್ದರು. ನನ್ನ ಹೆಂಡತಿ ಝುಬೈದಾ ಅವರ ಚೀಟಿಯ ಮೇಲೆ ಕೈಯಿಟ್ಟುಬಿಟ್ಟಳು.

"ಡಾಕ್ಟ್ರೇ, ಮೂರು ತಿಂಗಳು ಕೊಡಿ. ನಾನು ಊಟದಲ್ಲೇ ಇಳಿಸಿ ತೋರಿಸ್ತೇನೆ. ಇಳಿಯದಿದ್ದರೆ ಮತ್ತೆ ನೀವು ಹೇಳಿದ ಹಾಗೆ."

ಅಂದಿನಿಂದ ಬೆಳಿಗ್ಗೆ ಮೆಂತೆ ನೀರು, ಮಧ್ಯಾಹ್ನ ರಾಗಿ ರೊಟ್ಟಿ, ರಾತ್ರಿ ಬೇಯಿಸಿದ ಬೀನ್ಸು. ಬೀನ್ಸಿನ ಮೇಲೆ ಬೇರೇನೂ ಇಲ್ಲ, ಅವಳ ಕಣ್ಣು ಮಾತ್ರ. ಪರೀಕ್ಷೆ ಬರುವ ಭಾನುವಾರ. ಅಷ್ಟರಲ್ಲಿ ನಮ್ಮ ಮಗಳು ಶಿಫಾ ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು ತೆಗೆದು ಅನಾಹುತ ಮಾಡಿದಳು. ಪಾಸಾದರೆ ಅವಳು ಹೇಳಿದ ಹೋಟೆಲಿಗೆ ಕರೆದೊಯ್ಯುವುದಾಗಿ ನಾನು ಯಾವುದೋ ದುರ್ಬಲ ಕ್ಷಣದಲ್ಲಿ ಒಪ್ಪಿದ್ದೆ.

"ಪಪ್ಪಾ, ಹೊಸ ಕೆರಿಬಿಯನ್ ಪ್ಲೇಸ್. ಕ್ಲಾಸಿನವರೆಲ್ಲ ಹೋಗಿ ಬಂದಾಯ್ತು. ನಾನೊಬ್ಬಳೇ ಬಾಕಿ!"

ಕೆರಿಬಿಯನ್ ಎಂದರೆ ನನಗೆ ಗೊತ್ತಿದ್ದದ್ದು ಎದೆಮಟ್ಟಕ್ಕೆ ಚೆಂಡೆಸೆಯುವ ಬೌಲರುಗಳು. ಅವರು ಏನು ತಿಂದು ಹಾಗೆ ಎಸೆಯುತ್ತಾರೆ ಎಂಬ ಕುತೂಹಲ ಚಿಕ್ಕಂದಿನಿಂದಲೂ ಇತ್ತು.

"ನೀವು ಹಗುರದ್ದು ಎಂತಾದ್ರೂ ತಿನ್ನಿ," ಎಂದಳು ಝುಬೈದಾ. "ಡಾಕ್ಟ್ರ ಎದುರು ನನ್ನ ಮರ್ಯಾದೆ ಮಾತ್ರ ತೆಗೀಬೇಡಿ ಮಾರಾಯ್ರೆ."

"ನನ್ನನ್ನು ಎಂತ ಅಂತ ತಿಳ್ಕೊಂಡಿದ್ದೀ ಮಾರಾಯ್ತಿ?" ಎಂದೆ. ಮುನ್ನೆಚ್ಚರಿಕೆಗೆಂದು ಆ ದಿನ ಮಧ್ಯಾಹ್ನದ ಊಟವನ್ನೂ ಬಿಟ್ಟೆ. ಸೇಫ್ಟಿ!

ಎಸಿ ಕೆಡಲಿಲ್ಲ. ಪಾರ್ಕಿಂಗ್ ಹೋಟೆಲಿನ ಬಾಗಿಲಲ್ಲೇ ಸಿಕ್ಕಿತು. ಪರದೆಯೂ ಸರಿಯಾದದ್ದೇ. ಅದನ್ನು ಸರಿಸಿಕೊಂಡು ಮೀಸೆ ನರೆತ ಮಲಯಾಳಿ ವೇಟರ್ ಬಂದರು. ನಮ್ಮ ಕರಾವಳಿಯ ಬ್ಯಾರಿ ಭಾಷೆಗೂ ಅವರ ಮಲಯಾಳಕ್ಕೂ ಹತ್ತಿರದ ನಂಟು, ಅಣ್ಣ ಎನ್ನುವ ಹಾಗೆ ನನ್ನನ್ನು 'ಇಕ್ಕಾ' ಎಂದರು, ಮಾತು ಸಲೀಸಾಯಿತು. ಸಲೀಸಾದದ್ದೇ ತಪ್ಪಾಯಿತು.

ತಾಯಿ ಮಗಳು ಒಂದೇ ನಿಮಿಷದಲ್ಲಿ ಹೇಳಿ ಮುಗಿಸಿದರು: ಆಡಿನ ಕರಿ, ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಏನೇನೋ ಕರಿದ ತಿಂಡಿ. ನಾನು ಕನ್ನಡಕ ಒರೆಸಿಕೊಂಡು ಮೆನು ಹಿಡಿದೆ.

"ಈ ಸೂಪಿನಲ್ಲಿರುವ ಸೊಪ್ಪು ಯಾವುದು?"

"ಅದು ನಮ್ಮ ಕೆಸುವಿನ ಎಲೆಯ ಹಾಗೇ ಇಕ್ಕಾ."

ಕೆಸುವು! ಪತ್ರೊಡೆಯ ಕೆಸುವು ಸಮುದ್ರದಾಚೆ ಏನು ಮಾಡುತ್ತಿದೆ? "ಗಂಟಲು ತುರಿಸುವುದಿಲ್ಲವೇ? ಹುಳಿ ಹಾಕ್ತಾರಾ? ಕೆನೆ ಎಷ್ಟು? ಚಮಚದ ಲೆಕ್ಕದಲ್ಲಿ ಹೇಳಿ."

"ಕೇಳಿ ಬರ್ತೇನೆ." ಹೋದರು. ಬಂದರು. ವಾಚು ನೋಡಿದರು. "ಇಕ್ಕಾ, ಸ್ವಲ್ಪ ಬೇಗ..."

"ತಾಳಿ. ಈ ಮೀನನ್ನು ಎಣ್ಣೆ ಮುಟ್ಟಿಸದೆ ಹಬೆಯಲ್ಲೇ ಬೇಯಿಸುವುದಾ? ಸಾಸು ಬೇರೆ ಕೊಡಬಹುದಾ? ಅದರಲ್ಲಿ ಸಕ್ಕರೆ ಇದೆಯಾ? ಬೆಂಡೆಕಾಯಿ ಒಟ್ಟಿಗಾ, ಪಕ್ಕಕ್ಕಾ?"

ಮತ್ತೆ ಹೋದರು. ಮತ್ತೆ ಬಂದರು. ಈ ಸಲ ವಾಚು ನೋಡಿದ ಮೇಲೆ ನನ್ನನ್ನೂ ನೋಡಿದರು.

"ಪಪ್ಪಾ, ಪ್ಲೀಸ್! ಇದು ಇಂಟರ್ವ್ಯೂ ಅಲ್ಲ!"

ಅಷ್ಟು ಹೊತ್ತಿಗೆ ಅವರ ತಟ್ಟೆಗಳೆಲ್ಲ ಬಂದು ಹೊಗೆಯಾಡುತ್ತಿದ್ದವು. ನಾನು ಗಂಭೀರವಾಗಿ ಮೆನು ಮಡಚಿ, "ಹಬೆಯಲ್ಲಿ ಬೇಯಿಸಿದ ಮೀನು, ಬೆಂಡೆಕಾಯಿ ಪಕ್ಕಕ್ಕೆ, ಸಾಸು ಬೇಡ" ಎಂದು ತೀರ್ಪು ಕೊಟ್ಟೆ. ಪಕ್ಕದ ಮಸೀದಿಯಲ್ಲಿ ಇಶಾ, ಅಂದರೆ ರಾತ್ರಿಯ ನಮಾಜಿನ ಬಾಂಗ್ ಆಯಿತು.

ಮುಂದಿನ ಬಾಗಿಲಿನ ಶಟರ್ ಗಡಗಡನೆ ಕೆಳಗಿಳಿಯಿತು. ಅಡುಗೆಮನೆಯ ಸದ್ದು ನಿಂತಿತು.

"ಅದನ್ನೇ ಹೇಳ್ತಾ ಇದ್ದೆ ಇಕ್ಕಾ," ಎಂದರು ವೇಟರ್. "ಇನ್ನು ನಮಾಜು ಮುಗಿದ ಮೇಲೆ. ಅರ್ಧ ಗಂಟೆ. ಒಳಗಿದ್ದವರು ಊಟ ಮಾಡ್ತಾ ಇರಬಹುದು."

ಏನನ್ನು ಊಟ ಮಾಡುವುದು? ಇಪ್ಪತ್ತು ವರ್ಷದಿಂದ ಈ ಊರಿನಲ್ಲಿದ್ದೇನೆ. ನಮಾಜಿನ ಹೊತ್ತಿಗೆಲ್ಲ ಅಂಗಡಿಗಳ ಶಟರ್ ಇಳಿಯುವುದನ್ನು ಕಂಡಿದ್ದೇನೆ. ನಾವೇ ಇಶಾವನ್ನು ಮನೆಗೆ ಹೋಗಿ ಮಾಡುವುದೆಂದು ಮಾತಾಡಿಕೊಂಡು ಹೊರಟಿದ್ದೆವು. ಆದರೂ ಪಾರ್ಕಿಂಗಿಗೆ ಎರಡು ಪುಟ ಬರೆದವನ ಡೈರಿಯಲ್ಲಿ ಇದಕ್ಕೆ ಒಂದು ಗೆರೆಯೂ ಇರಲಿಲ್ಲ!

ಬೆಳಗಿನ ಮೆಂತೆ ನೀರಿನ ಮೇಲೆ ನಿಂತಿದ್ದ ಹೊಟ್ಟೆ ಒಮ್ಮೆ ಕೂಗಿತು. ಶಿಫಾಳಿಗೂ ಕೇಳಿಸಿತು. "ಒಂದು ತಗೊಳ್ಳಿ ಪಪ್ಪಾ, ಪಾಪ."

"ತಿನ್ನಲಿಕ್ಕಲ್ಲ. ಎಂತ ಅಂತ ತಿಳ್ಕೊಳ್ಳಲಿಕ್ಕೆ," ಎಂದು ಕರಿದ ತಿಂಡಿಯ ತಟ್ಟೆಯಿಂದ ಬಜ್ಜಿಯಂಥ ಒಂದು ಪೋಡಿ ಎತ್ತಿ ಕಚ್ಚಿದೆ. ಒಣಮೀನು! ಉಪ್ಪು ಹಾಕಿ ಒಣಗಿಸಿದ ಮೀನಿನ ಪೋಡಿ! ಅಲ್ಲಿಯವರೂ ನಮ್ಮ ಹಾಗೆ ಮೀನು ಒಣಗಿಸುತ್ತಾರಾ? ಒಂದರಲ್ಲಿ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕ. ಇನ್ನೆರಡು ಪರಿಶೀಲಿಸಿದೆ.

ಇನ್ನೊಂದು ತಟ್ಟೆಯಲ್ಲಿ ಹಳದಿ ಹೋಳುಗಳಿದ್ದವು. ಬಾಯಿಗಿಟ್ಟು ಕಣ್ಣು ಮುಚ್ಚಿದೆ. "ಝುಬೈದಾ, ಇದು ಜೀಗುಜ್ಜೆ, ನಮ್ಮ ದೀವಿಹಲಸು! ನಿನ್ನ ತವರಿನ ಬಾವಿಕಟ್ಟೆ ಹತ್ತಿರದ ಮರದ್ದೇ ರುಚಿ. ಇದು ಅಲ್ಲಿಗೆ ಹೇಗೆ ಹೋಯ್ತು ಅಂತ?"

"ಅದು ಅಲ್ಲಿಗೆ ಹೇಗೆ ಹೋಯ್ತೋ ಗೊತ್ತಿಲ್ಲ. ನಿಮ್ಮ ಹೊಟ್ಟೆಗೆ ಹೋದದ್ದು ಏಳಾಯ್ತು."

"ಒಂದೇ ಜಾತಿಯ ಜೀಗುಜ್ಜೆಯಾ ಅಂತ..."

"ಎಂಟು."

ಸಂಶೋಧನೆ ಮುಂದುವರಿಯಿತು. ತೆಂಗಿನ ಹಾಲಿನ ಅನ್ನವನ್ನು ನಮ್ಮ ಗೀ ರೈಸಿನೊಂದಿಗೆ ಹೋಲಿಸಬೇಕಾಯಿತು. ಹೋಲಿಸಲು ಆಡಿನ ಕರಿಯ ಸಾರು ಬೇಕಾಯಿತು. ಝುಬೈದಾ ಎಣಿಸುವುದನ್ನು ನಿಲ್ಲಿಸಿದಳು. ಅವಳು ಬೈದರೆ ನನಗೆ ಹೆದರಿಕೆಯಿಲ್ಲ. ಸುಮ್ಮನಾದರೆ ಕೈ ತಣ್ಣಗಾಗುತ್ತದೆ. ಕೈ ತಣ್ಣಗಾಯಿತು, ಆದರೆ ನಿಲ್ಲಲಿಲ್ಲ.

ಶಟರ್ ಮೇಲೆದ್ದಿತು. ಮೀನು ಬಂತು. ತಲೆಯಿಂದ ಬಾಲದವರೆಗೆ ಇಡೀ ಮೀನು, ಎಣ್ಣೆ ಇಲ್ಲ, ಸಾಸು ಇಲ್ಲ, ಬೆಂಡೆಕಾಯಿ ಪಕ್ಕಕ್ಕೆ.

"ಇಕ್ಕಾನಿಗೆ ಅಂತ ಕುಕ್‌ನ ಹತ್ತಿರ ನಿಂತು ಮಾಡಿಸಿದ್ದು," ಎಂದರು ವೇಟರ್. ಅವರು ಹೋಗದೆ ಅಲ್ಲೇ ನಿಂತರು. ಅನ್ನ ಬಿಸಾಡುವುದು ನಮ್ಮಲ್ಲಿ ಪಾಪ. ನಿಂತು ಮಾಡಿಸಿದ್ದನ್ನು ಬಿಡುವುದು ಅದಕ್ಕಿಂತ ದೊಡ್ಡದು. ಅದನ್ನೂ ತಿಂದೆ. ಹೀಗೆ ನಾನು ಆ ದಿನ ಹಗುರದ ಊಟವನ್ನೇ ಮಾಡಿದೆ. ಭಾರದ ಊಟದ ಮೇಲೆ!

ಶುಕ್ರವಾರ, ಶನಿವಾರ ಮನೆಯಲ್ಲಿ ಮಾತಿಲ್ಲ. ಸೌತೆಕಾಯಿ ಹೆಚ್ಚುವ ಸದ್ದು ಮಾತ್ರ. ಕಂಪೌಂಡಿನ ಸುತ್ತ ನಾನು ಅದೆಷ್ಟು ಸುತ್ತು ಹಾಕಿದೆನೆಂದರೆ, ಗೇಟಿನ ವಾಚ್‌ಮನ್ "ಏನಾದರೂ ಕಳೆದುಹೋಯಿತೇ ಸಾಬ್?" ಎಂದು ಕೇಳಿದ. ಹೆಂಡತಿಯ ಮರ್ಯಾದೆ ಎಂದು ಹೇಳಲಾಗಲಿಲ್ಲ.

ಭಾನುವಾರ ರಕ್ತ ಕೊಟ್ಟು ಬಂದು, ಡಾಕ್ಟರರ ಮೇಜಿನ ಮೇಲೆ ನಾನು ಒಂದು ಕಾಗದ ಇಟ್ಟೆ. ಕಂಪನಿಯ ಅಪಘಾತ ವರದಿಯ ನಮೂನೆಯಲ್ಲೇ ಬರೆದದ್ದು: ಘಟನೆ, ಸ್ಥಳ, ಸಮಯ, ಮೂಲ ಕಾರಣ. ಸಾಕ್ಷಿಗಳು ಇಬ್ಬರು. "ತಪ್ಪು ನನ್ನದು ಡಾಕ್ಟ್ರೇ. ಇವಳದ್ದು ಇದರಲ್ಲಿ ಎಂತದ್ದೂ ಇಲ್ಲ."

ಝುಬೈದಾ ಮೂರು ದಿನಗಳಲ್ಲಿ ಮೊದಲ ಬಾರಿ ನನ್ನ ಮುಖ ನೋಡಿದಳು.

ಡಾಕ್ಟರು ವರದಿಯನ್ನು ಓದಿದರು. ಜೀಗುಜ್ಜೆಯ ಹತ್ತಿರ ಬಂದಾಗ ಕನ್ನಡಕ ತೆಗೆದು ನಕ್ಕರು. "ಇದು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. ಒಂದು ಸಂಜೆಯ ಊಟ ಇದರಲ್ಲಿ ಕಾಣಿಸುವುದೇ ಇಲ್ಲ ಅನ್ನಿ." ಮತ್ತೆ ಲ್ಯಾಬಿನ ಕಾಗದ ತಿರುಗಿಸಿ ಅವಳಿಗೆ ತೋರಿಸಿದರು. "ಚೆನ್ನಾಗಿ ಇಳಿದಿದೆ. ನೀವು ಗೆದ್ದಿರಿ. ಮಾತ್ರೆ ಬೇಡ."

ಝುಬೈದಾ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ನಾನು ಸಂತೋಷದಿಂದ ಎದ್ದು ನಿಂತು, "ಹಾಗಾದ್ರೆ ಮುಗೀತಲ್ಲ ಡಾಕ್ಟ್ರೇ?" ಎಂದೆ.

"ಮುಗಿಯುವುದೆಂತ? ಇವರು ಈ ಮೂರು ತಿಂಗಳು ಏನು ಕೊಟ್ಟರೋ ಅದನ್ನೇ ಮುಂದುವರಿಸಿ."

"ಎಷ್ಟು ದಿನ?"

"ಆಯುಷ್ಯ ಇರುವಷ್ಟು ದಿನ."

ಝುಬೈದಾ ಆಗಲೇ ಚೀಲದಿಂದ ಬೀನ್ಸು ತರುವ ಪಟ್ಟಿ ತೆಗೆಯುತ್ತಿದ್ದಳು. ನಾನು ಮೆಲ್ಲಗೆ ಕೂತು ಕೇಳಿದೆ:

"ಡಾಕ್ಟ್ರೇ, ಆ ಮಾತ್ರೆ ಎಷ್ಟು ದೊಡ್ಡದಿತ್ತು?"