ಒಂಬತ್ತನೇ ಕ್ಲಾಸಿನ ನಾಲ್ಕನೇ ಸೀಟು

ಮಗಳ ವಿದ್ಯಾಭ್ಯಾಸದ ಹೊಣೆಯನ್ನು ಇನ್ನು ಮುಂದೆ ಸ್ವತಃ ಹೊರುವುದಾಗಿ, ಬಸಲಿಂಗಪ್ಪನಾದ ನಾನು, ಠಾಕುರ್ಲಿಯ ನಮ್ಮ ಮನೆಯಲ್ಲಿ, ಒಗ್ಗರಣೆ ಅವಲಕ್ಕಿಯ ತಟ್ಟೆಯನ್ನು ಎದುರಿಗಿಟ್ಟುಕೊಂಡು ಘೋಷಿಸಿದೆ.

ಕಾರಣ, ಮಗಳ ಹೈಸ್ಕೂಲಿನಿಂದ ಮೊಬೈಲಿಗೆ ಬಂದ ಸಂದೇಶ. ಪಾಲಕರು ಅಂಕಪಟ್ಟಿಗೆ ಸಹಿ ಹಾಕಲು ಮಾತ್ರ ಇರುವವರಲ್ಲವಂತೆ. ತಂದೆ ಅಥವಾ ತಾಯಿ ಒಂದು ದಿನ ತರಗತಿಯಲ್ಲೇ ಕೂತು ಪಾಠ ಕೇಳಬೇಕಂತೆ. ಕೊನೆಗೊಂದು ಪ್ರಶ್ನೆ: ‘ನಿಮ್ಮ ಮಗು ಶಾಲೆಯಲ್ಲಿ ಹೇಗಿರುತ್ತದೆ ಎಂಬ ಕುತೂಹಲ ನಿಮಗಿಲ್ಲವೆ?’

ಇಲ್ಲದೆ ಏನು! ಮಗಳು ಚೈತನ್ಯಾ ಒಂಬತ್ತನೇ ಕ್ಲಾಸು. ದಿನಾ ಸಂಜೆ ಆಫೀಸಿನಿಂದ ಬಂದು ಸೋಫಾದ ಮೇಲೆ ಕೂತು, “ಇವತ್ತ ಸಾಲ್ಯಾಗ ಏನಾತವ್ವಾ?” ಎಂದು ಕೇಳುತ್ತೇನೆ. ದಿನಾ ಒಂದೇ ಉತ್ತರ, “ಕುಛ್ ನಹೀ.” ಅಷ್ಟು ದೊಡ್ಡ ಕಟ್ಟಡ, ಅಷ್ಟೊಂದು ಟೀಚರುಗಳು, ಬೆನ್ನು ಮುರಿಯುವಷ್ಟು ಭಾರದ ಚೀಲ. ಆದರೂ ಅಲ್ಲಿ ದಿನವಿಡೀ ಏನೂ ನಡೆಯುವುದಿಲ್ಲ! ಈ ರಹಸ್ಯವನ್ನು ಭೇದಿಸಲೇಬೇಕಿತ್ತು. ಅದೂ ಅಲ್ಲದೆ ಆ ದಿನ ವಿಜ್ಞಾನದ ಪೀರಿಯಡ್ಡಿನಲ್ಲಿ ಅವಳದೇ ಭಾಷಣವಿತ್ತು. ವಿಷಯ ಏನೆಂದು ಕೇಳಿದರೆ, “ಆಓಗೇ ತೋ ಪತಾ ಚಲೇಗಾ” ಅಂದಳು, ಬಂದರೆ ತಾನೇ ಗೊತ್ತಾಗುತ್ತದಂತೆ. ಮನೆಯಲ್ಲಿ ಎರಡು ಮಾತಾಡದ ಹುಡುಗಿ ಎಲ್ಲರೆದುರು ಭಾಷಣ ಮಾಡುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು, ಕಿವಿಯಾರೆ ಕೇಳಬೇಕಿತ್ತು.

“ನಾ ಹೋಗ್ತೀನ್ರಿ,” ಅಂದಳು ಹೆಂಡತಿ ಅನಸೂಯಾ. “ನಿಮಗ ನಾಕ ಮಂದಿ ನಡುವ ಕುಂಡ್ರೂದು ಬರೂದಿಲ್ಲ.”

“ಕುಂಡ್ರೂದು ಬರೂದಿಲ್ಲ? ಇಪ್ಪತ್ತ ವರ್ಷ ಲೋಕಲ್ ಟ್ರೇನಿನ್ಯಾಗ ಕುಂತು ಬಂದಾಂವ ನಾ.”

“ಅದಕ್ಕ ಹೇಳಿದ್ದು.”

ಅವಳ ಮಾತಿಗೆ ಯಾವಾಗ ಕಿವಿಗೊಟ್ಟಿದ್ದೇನೆ? ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ರೂಢಿಯಂತೆ ಆಫೀಸಿನ ಚೀಲ ಬೆನ್ನಿಗೇರಿಸಿ ಹೊರಟೆ.

ಪಾಲಕರಿಗೆಂದು ತರಗತಿಯ ಹಿಂಭಾಗದಲ್ಲಿ ಒಂದು ಕುರ್ಚಿ ಹಾಕಿಟ್ಟಿದ್ದರಂತೆ. ನಾನದನ್ನು ನೋಡಲೇ ಇಲ್ಲ. ಗಂಟೆ ಹೊಡೆಯಿತು, ಮಕ್ಕಳು ಬಾಗಿಲ ಕಡೆ ನುಗ್ಗಿದರು. ಅಷ್ಟೇ, ನನ್ನ ಮೈ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಚೀಲವನ್ನು ಎದೆಗೆ ತಿರುಗಿಸಿಕೊಂಡು, ಮೊಣಕೈಯಿಂದ ದಾರಿ ಮಾಡಿಕೊಂಡು ಒಳಹೊಕ್ಕೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಮೂವರು ಹುಡುಗರು ಕೂತಿದ್ದರು. ಲೋಕಲ್ಲಿನಲ್ಲಿ ಮೂವರು ಕೂತ ಸೀಟಿನ ತುದಿಗೆ ನಾಲ್ಕನೆಯವನು ಅರ್ಧ ಕುಂಡೆ ಊರುವುದು ನಮ್ಮಲ್ಲಿ ಕಾನೂನಿಗಿಂತ ಗಟ್ಟಿಯಾದ ಪದ್ಧತಿ. “ಜರಾ ಸರಕೋ,” ಎಂದೆ. ಪಾಪ, ಸರಿದರು.

ಕೂತ ಮೇಲೆ ಇನ್ನೊಂದು ಪದ್ಧತಿ ಉಂಟಲ್ಲ. ಪಕ್ಕದವನು ಬೇಗ ಇಳಿದರೆ ಪೂರ್ತಿ ಸೀಟು ನಮ್ಮದು. ಪಕ್ಕದ ಹುಡುಗ ಹಿತೇಶನನ್ನು ಎಲ್ಲಿ ಇಳಿಯುತ್ತೀ ಎಂದು ಅಭ್ಯಾಸಬಲದಿಂದ ಕೇಳಿಯೇಬಿಟ್ಟೆ, “ಕಹಾಂ ಉತರೋಗೇ?”

ಅವನು ಸ್ವಲ್ಪ ಯೋಚಿಸಿ, “ದಸವೀಂ ಕೇ ಬಾದ್, ಅಂಕಲ್,” ಅಂದ. ಹತ್ತನೇ ಕ್ಲಾಸು ಮುಗಿದ ಮೇಲಂತೆ!

ಇಡೀ ಬೆಂಚು ಕಿಸಕ್ಕೆಂದಿತು. ಮುಂದಿನ ಸಾಲಿನಲ್ಲಿದ್ದ ಚೈತನ್ಯಾ ಒಮ್ಮೆ ತಿರುಗಿ ನೋಡಿ, ಈ ಮನುಷ್ಯ ಯಾರೋ ಏನೋ ಎಂಬಂತೆ ಮುಖ ತಿರುಗಿಸಿದಳು.

ಬೀಜಗಣಿತದ ಪೀರಿಯಡ್ಡನ್ನು ಹೇಗೋ ದಾಟಿದೆ. ಆಮೇಲೆ ವಿಜ್ಞಾನದ ನಳಿನಿ ಟೀಚರ್ ಬಂದರು. ಮೈಸೂರಿನ ಕಡೆಯವರು. ನನ್ನ ಹತ್ತಿರ ಬಂದು ಕನ್ನಡದಲ್ಲೇ, “ನೀವು ಬಂದಿದ್ದು ತುಂಬಾ ಸಂತೋಷ ಸಾರ್. ಈಗ ನಿಮ್ಮ ಮಗಳೇ ಮಾತಾಡೋದು,” ಎಂದರು. ಚೈತನ್ಯಾ ಕರಿಹಲಗೆಯ ಮುಂದೆ ಬಂದು ನಿಂತಳು. ನಾನು ಬೆನ್ನು ನೆಟ್ಟಗೆ ಮಾಡಿದೆ. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಕಿಟಕಿಯಿಂದ ತಣ್ಣನೆಯ ಗಾಳಿ. ಅರ್ಧ ಸೀಟು. ಪಕ್ಕದಲ್ಲಿ ಹಿತೇಶನ ಭುಜ. ಮಗಳು ನಮಸ್ಕಾರ ಎಂದದ್ದು ನೆನಪಿದೆ.

ಮುಂದೆ ನನಗೆ ಕೇಳಿಸಿದ್ದು ಚಪ್ಪಾಳೆ.

ಧಡಕ್ಕನೆ ಎದ್ದೆ. ಸ್ಟೇಶನ್ ಬಂತು ಎಂದುಕೊಂಡು ಬಾಗಿಲಿಗೆ ಹೋಗಿ, ಚೌಕಟ್ಟು ಹಿಡಿದು ನಿಂತು, ಪಕ್ಕದ ಬೆಂಚಿನ ಹುಡುಗಿಯನ್ನು ಕೇಳಿದೆ, “ಠಾಕುರ್ಲಿ ಆಯಾ ಕ್ಯಾ?” ತರಗತಿಯೇ ಬಿದ್ದು ಬಿದ್ದು ನಕ್ಕಿತು. ನಳಿನಿ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗದೆ ಇದ್ದವಳು ಚೈತನ್ಯಾ ಒಬ್ಬಳೇ. ಅವಳು ತನ್ನ ಚಾರ್ಟನ್ನು ಸುಮ್ಮನೆ ಸುತ್ತುತ್ತಿದ್ದಳು.

ಮನೆಯಲ್ಲಿ ವಿಚಾರಣೆ ಕಾದಿತ್ತು.

“ಹೆಂಗ ಮಾತಾಡಿದ್ಲರಿ?”

“ಭಾಳ ಛಂದ.”

“ಯಾವುದರ ಬಗ್ಗೆ?”

“ವಿಜ್ಞಾನ.”

“ವಿಜ್ಞಾನದಾಗ ಏನು?”

“ಅದ... ಪರಿಸರ. ಗಿಡಾ ಹಚ್ಚಬೇಕು, ನೀರು ಉಳಸಬೇಕು ಅಂತ...”

ಒಳಗಿನ ಕೋಣೆಯಿಂದ ಚೈತನ್ಯಾ ಬಂದಳು. “ಮಮ್ಮೀ, ಟಾಪಿಕ್ ನಿದ್ದಿ ಥಾ. ಔರ್ ಸ್ಯಾಂಪಲ್ ಪಪ್ಪಾ ಥೇ.”

ಲೋಕಲ್ ಟ್ರೇನಿನ ಪ್ರಯಾಣಿಕರ ನಿದ್ದೆಯ ಬಗ್ಗೆ ಅವಳು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಳಂತೆ. ಭಾಷಣದ ನಡುವೆ ನನ್ನ ಗೊರಕೆ ಕೇಳಿ ಮೊದಲು ಅಳು ಬಂತಂತೆ. ಆಮೇಲೆ ಸ್ಕೇಲು ಹಿಡಿದು ನನ್ನ ಪಕ್ಕಕ್ಕೇ ಬಂದು, ಕುತ್ತಿಗೆ ಎಷ್ಟು ವಾಲುತ್ತದೆ, ನಿದ್ದೆಯಲ್ಲೂ ಕೈ ಚೀಲವನ್ನು ಹೇಗೆ ಬಿಗಿ ಹಿಡಿದಿರುತ್ತದೆ ಎಂದೆಲ್ಲ ವಿವರಿಸಿದಳಂತೆ. ಯಾರೂ ಎಬ್ಬಿಸಬಾರದೆಂದು ಅವಳೇ ಎಲ್ಲರಿಗೂ ಹೇಳಿದ್ದಳಂತೆ.

“ಮತ್ತ ನನಗ ಏನ ಕೇಳಿದ್ರೂ ಕುಛ್ ನಹೀ ಅಂತೀಯಲ್ಲ?” ಎಂದೆ, ಸೋತವನ ಸಿಟ್ಟಿನಲ್ಲಿ.

“ಪಪ್ಪಾ, ಕೇಳಿದ ಮ್ಯಾಲೆ ನೀವು ಎರಡು ವರ್ಡ್ ತಕ್ ಎಚ್ಚರ ಇರ್ತೀರಿ. ಅದಕ್ಕ ಎರಡೇ ವರ್ಡ್.”



ಮರುದಿನ ನಳಿನಿ ಟೀಚರ್ ಫೋನು. ಠಾಣೆ ಪಟ್ಟಣದಲ್ಲಿ ಭಾನುವಾರ ನಡೆಯುವ ಅಂತರಶಾಲಾ ಸ್ಪರ್ಧೆಗೆ ಚೈತನ್ಯಾ ಆಯ್ಕೆಯಾಗಿದ್ದಳು. “ನೀವೂ ಬರಲೇಬೇಕು ಸಾರ್. ನೀವೇನೂ ಮಾತಾಡೋದು ಬೇಡ, ನಿದ್ದೆ ಮಾಡಿದ್ರೆ ಸಾಕು. ನಮ್ಮ ಸ್ಕೂಲಲ್ಲಿ ಪಾಲಕರು ಇಷ್ಟು ಮನಸ್ಸಿಟ್ಟು ಭಾಗವಹಿಸಿದ್ದು ಇದೇ ಮೊದಲು.”

ಹೋದ ಮಾನವನ್ನು ಮಲಗಿಯೇ ಗಳಿಸುವ ಇಂಥ ಅವಕಾಶ ಯಾರಿಗೆ ಸಿಕ್ಕೀತು? ಭಾನುವಾರ ಅನಸೂಯಾ ನನಗೆ ಎರಡು ಸಲ ಮೊಸರನ್ನ ಬಡಿಸಿ, ಮೇಲೊಂದು ತಂಬಿಗೆ ಮಜ್ಜಿಗೆ ಕುಡಿಸಿ ಕಳಿಸಿದಳು. ವೇದಿಕೆಯ ಮೇಲೆ ಕುರ್ಚಿಯಲ್ಲಿ ಚೀಲ ತಬ್ಬಿಕೊಂಡು ಕಣ್ಣು ಮುಚ್ಚಿದೆ. ಚೈತನ್ಯಾ ಮಾತು ಶುರು ಮಾಡಿದಳು.

ನಿದ್ದೆ ಬರಲಿಲ್ಲ! ಮೊಸರನ್ನ ಸೋತಿತು, ಮಜ್ಜಿಗೆ ಸೋತಿತು. ಮುಂದೇನು ಹೇಳುತ್ತಾಳೋ ಎಂಬ ಕುತೂಹಲಕ್ಕೆ ರೆಪ್ಪೆಯೊಳಗೇ ಕಣ್ಣು ಅಗಲವಾದವು. ಎಂಥ ಸ್ಪಷ್ಟ ಮರಾಠಿ! ಸಭೆಯನ್ನು ನಗಿಸಿದಳು, ಸುಮ್ಮನಾಗಿಸಿದಳು, ತೀರ್ಪುಗಾರರಿಗೇ ತಿರುಗಿ ಪ್ರಶ್ನೆ ಹಾಕಿದಳು. ನಿಂತು ಚಪ್ಪಾಳೆ ತಟ್ಟಬೇಕೆನಿಸಿತು. ಆದರೆ ಸ್ಯಾಂಪಲ್ಲು ಚಪ್ಪಾಳೆ ತಟ್ಟುವಂತಿಲ್ಲ.

ತೀರ್ಪುಗಾರರೊಬ್ಬರು ಹತ್ತಿರ ಬಂದು ಬಗ್ಗಿದರು. “ಇವರು ನಿಜವಾಗಿಯೂ ಮಲಗಿದ್ದಾರೆಯೆ?” ಎಂದು ಹಿಂದಿಯಲ್ಲಿ ಕೇಳಿದರು.

ಚೈತನ್ಯಾ ನನ್ನ ಮುಖವನ್ನೇ ನೋಡಿರಬೇಕು. “ನಹೀ ಸರ್, ಜಾಗ್ ರಹೇ ಹೈಂ. ಸೋತೇ ತೋ ಮೂಂಹ್ ಖುಲಾ ರಹತಾ.” ನಿಜಕ್ಕೂ ಮಲಗಿದ್ದರೆ ನನ್ನ ಬಾಯಿ ತೆರೆದಿರುತ್ತಿತ್ತಂತೆ!

ಪ್ರಯೋಗ ಬಿದ್ದುಹೋಯಿತು. ಬಹುಮಾನ ಬೇರೆ ಶಾಲೆಗೆ ಹೋಯಿತು.

ವಾಪಸು ಬರುವಾಗ ಸ್ಲೋ ಗಾಡಿಯಲ್ಲಿ ಇಬ್ಬರಿಗೂ ಪೂರ್ತಿ ಸೀಟು ಸಿಕ್ಕಿತು. “ನನ್ನಿಂದ ಪ್ರೈಜು ಹೋತಲ್ಲವ್ವಾ,” ಎಂದೆ.

“ನೀವು ಎಲ್ಲಾ ಕೇಳಿದ್ರಿ?”

“ಒಂದ ಶಬ್ದಾನೂ ಬಿಟ್ಟಿಲ್ಲ.”

ಅವಳು ನನ್ನತ್ತ ಪೂರ್ತಿ ತಿರುಗಿ ಕೂತಳು. ಹಿತೇಶ ಮೊನ್ನೆ ಏನು ಮಾಡಿದ, ನಳಿನಿ ಟೀಚರ್ ಸಿಟ್ಟು ಬಂದರೆ ಯಾವ ಭಾಷೆಗೆ ಇಳಿಯುತ್ತಾರೆ, ಯಾವ ಗೆಳತಿ ಮಾತು ಬಿಟ್ಟಳು, ಯಾಕೆ ಬಿಟ್ಟಳು, ಎಲ್ಲ ಬಂತು. ಅರ್ಧ ಹಿಂದಿ, ಅರ್ಧ ಮರಾಠಿ, ನಡುನಡುವೆ ನನಗಾಗಿ ಹುಡುಕಿ ತೆಗೆದ ಕನ್ನಡ. “ಆಮ್ಯಾಲೆ?” ಎಂದು ನಾನು ಕೇಳುತ್ತಲೇ ಇದ್ದೆ. ಗಾಡಿಯ ಡಬ್ಬಿ ಯಾವಾಗ ಖಾಲಿಯಾಯಿತೋ ನಮಗೆ ತಿಳಿಯಲೇ ಇಲ್ಲ. ಅಷ್ಟರಲ್ಲಿ ಅನಸೂಯಾಳ ಫೋನು ಬಂತು.

“ಎಲ್ಲಿದ್ದೀರಿ? ಚಹಾ ಆರಿ ಹೋತು.”

ಹೊರಗೆ ಬೋರ್ಡು ನೋಡಿದೆ. “ಕಲ್ಯಾಣದಾಗ.”

“ಠಾಕುರ್ಲಿ ದಾಟಿ ಹೋದ್ರಿ? ಗಾಡ್ಯಾಗ ನಿದ್ದಿ ಹತ್ತಿತೇನು?”

“ಇಲ್ಲ. ಎಚ್ಚರಾನ ಇದ್ದೆ.”

“ಮತ್ತ ಅಲ್ಲಿ, ಸ್ಟೇಜಿನ ಮ್ಯಾಲೆ?”

“ಅಲ್ಲೂ ಎಚ್ಚರಾನ ಇದ್ದೆ.”

ಫೋನಿನ ಆ ತುದಿಯಲ್ಲಿ ದೀರ್ಘವಾದ ನಿಟ್ಟುಸಿರು.

“ಅಲ್ರೀ, ಮಗಳ ಸಲುವಾಗಿ ಒಂದು ನಿದ್ದೀನೂ ನೆಟ್ಟಗ ಮಾಡ್ಲಿಕ್ಕೆ ಆಗ್ಲಿಲ್ಲೇನು ನಿಮಗ?”