ಗಾಡಿ ನಿಲ್ಲಿಸಿದ್ದಕ್ಕೆ ಕೊಟ್ಟ ಬಾಡಿಗೆ

ನಡೆಯುವುದಕ್ಕೆ ಖರ್ಚೇನೂ ಇಲ್ಲ ಎನ್ನುವವರು, ನಡೆಯುವ ಮುಂಚೆ ಗಾಡಿ ಎಲ್ಲಿ ನಿಲ್ಲಿಸಬೇಕೆಂದು ಯೋಚಿಸಿದವರಲ್ಲ. ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರದಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದಾಗ, ಪ್ರತಿ ಭಾನುವಾರ ಯಾವುದಾದರೂ ಹಳ್ಳಿಯ ಯಾರದಾದರೂ ಅಂಗಳದಲ್ಲಿ ನಮಗೊಂದು ಪ್ರಸಂಗ ಕಾದಿರುತ್ತಿತ್ತು. ನಾವಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ.

೧. ಸಾಹುಕಾರರು ನಡೆದರು

ನನ್ನ ಶಾಲೆ ಇದ್ದದ್ದು ಒಂದು ಜವಳಿ ಅಂಗಡಿಯ ಮಹಡಿಯ ಮೇಲೆ. ಕೆಳಗೆ ಅಂಗಡಿಯ ಸಾಹುಕಾರರು ಬೆಳಗಿನಿಂದ ಸಂಜೆಯವರೆಗೆ ಗಾದಿ ಬಿಟ್ಟು ಏಳುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಮೈ ಕೂಡ ಅಷ್ಟೇ ಧಾರಾಳ. ಸಕ್ಕರೆ ಕಾಯಿಲೆ ಬಂದಿದೆ, ದಿನಾ ನಡೆಯಲೇಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು.

ಸಾಹುಕಾರರು ಮರುದಿನವೇ ಮನೆಯಿಂದ ಕೆರೆ ಏರಿಯವರೆಗೆ ನಡೆದರು. ದಾರಿಯಲ್ಲಿ ಬೈಕಿನವರು ಒಬ್ಬರಾದ ಮೇಲೊಬ್ಬರು ನಿಲ್ಲಿಸಿ ಹತ್ತಿ ಎಂದರು. ಒಬ್ಬರಂತೂ ಮೆಲ್ಲಗೆ, ಸ್ಕೂಟರ್ ಎಷ್ಟಕ್ಕೆ ಹೋಯಿತು ಎಂದು ಕೇಳಿದರು. ನಮ್ಮೂರಿನಲ್ಲಿ ವ್ಯಾಪಾರಸ್ಥ ಕಾಲ್ನಡಿಗೆಯಲ್ಲಿ ಕಂಡರೆ ವ್ಯಾಪಾರ ಮುಳುಗಿತು ಎಂದೇ ಅರ್ಥ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಪಾತ್ರೆ ಅಂಗಡಿಯವರು ಬಂದು, ಮಳಿಗೆ ಬಿಟ್ಟುಕೊಡುವುದಾದರೆ ಮೊದಲು ತಮಗೇ ಹೇಳಬೇಕು, ಹಳೆಯ ಸ್ನೇಹ ಮರೆಯಬಾರದು ಎಂದು ಕಣ್ಣು ಒದ್ದೆ ಮಾಡಿಕೊಂಡರು.

ಬೇರೆ ದಿನವಾಗಿದ್ದರೆ ಸಾಹುಕಾರರು ನಕ್ಕುಬಿಡುತ್ತಿದ್ದರು. ಆದರೆ ಅವರ ಮಗಳನ್ನು ಸೊರಬದ ಅಕ್ಕಿ ಗಿರಣಿಯವರು ಬಂದು ನೋಡಿ ಹೋಗಿದ್ದರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹಿರಿಯರು ಮಾತ್ರ "ತಿಳಿಸ್ತೀವಿ" ಎಂದು ಹೋದವರು ತಿಳಿಸಿರಲಿಲ್ಲ. ಹೆಣ್ಣಿನ ಕಡೆಯವರು ಮೇಲೆ ಬಿದ್ದು ಕೇಳುವ ಹಾಗಿಲ್ಲ. ಈ ಸುದ್ದಿ ಸೊರಬಕ್ಕೆ ಮುಟ್ಟಿದರೆ ಗತಿಯೇನು? ಅಂದು ಸಂಜೆ ಸಾಹುಕಾರರು ಮಹಡಿ ಹತ್ತಿ ಬಂದರು.

"ಮೇಷ್ಟ್ರೆ, ನಾ ನಡದ್ರೆ ಮಗಳ ಮದುವಿ ನಿಲ್ತತಿ, ನಡೀದಿದ್ರೆ ನಾನಾ ನಿಲ್ತೀನಿ. ಏನರ ಹಾದಿ ಹೇಳ್ರಿ."

ನಾನು ಹೇಳಿದ ಹಾದಿ ಹಳ್ಳಿಯದು. ಭಾನುವಾರ ಅವರ ಸ್ಕೂಟರಿನಲ್ಲಿ ಗುರುತಿಲ್ಲದ ಕಡೆ ಹೋಗುವುದು, ಗಾಡಿ ನಿಲ್ಲಿಸಿ ಹೊಲಗದ್ದೆಯ ಹಾದಿಯಲ್ಲಿ ಮನಸೋ ಇಚ್ಛೆ ನಡೆಯುವುದು, ಊರಿಗೆ ಬರುವಾಗ ಮತ್ತೆ ಸ್ಕೂಟರಿನ ಮೇಲೆ ಸಾಹುಕಾರರಾಗಿಯೇ ಬರುವುದು. ಸ್ಕೂಟರ್ ಅವರದು, ಓಡಿಸುವ ಕೆಲಸ ನನ್ನದು. ಮೊದಲ ವಾರ ಹೊರಟಾಗ ಪಾತ್ರೆ ಅಂಗಡಿಯವರು ನೋಡಿ, ಪಾಪ, ಗಾಡಿ ಮೇಷ್ಟ್ರಿಗೆ ಮಾರಿದರಂತೆ ಎಂದರು.

೨. ಬಾಡಿಗೆ ಬೇಡ ಎಂದವರು

ತೊಗರ್ಸಿ ಕಡೆಯ ಒಂದು ಹಳ್ಳಿಯಲ್ಲಿ ರೈತರೊಬ್ಬರ ಮನೆ ಮುಂದೆ ಬೇವಿನ ಮರದ ಒಳ್ಳೆಯ ನೆರಳಿತ್ತು. ಇಲ್ಲಿ ಗಾಡಿ ನಿಲ್ಲಿಸಬಹುದೇ ಎಂದು ಕೇಳಿ, ಸಾಹುಕಾರರು ಜೇಬಿಗೆ ಕೈ ಹಾಕಿದರು. ಆ ಮನುಷ್ಯನ ಮುಖ ಗಂಟಿಕ್ಕಿತು. ಅಂಗಳಕ್ಕೆ ಬಂದವರ ಹತ್ತಿರ ದುಡ್ಡು ಇಸಿದುಕೊಳ್ಳುವಂಥ ಮನೆತನ ತಮ್ಮದಲ್ಲ, ಮೊದಲು ಒಳಗೆ ಬಂದು ಕೂತು ಬಾಯಾರಿಸಿಕೊಳ್ಳಬೇಕು ಎಂದರು.

ಬಾಯಾರಿಸಿಕೊಳ್ಳುವುದು ಎಂದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಬೆಲ್ಲದ ಕಾಫಿ. ಅದು ಮುಗಿದ ಮೇಲೆ ನಡೆಯಲು ಬಿಟ್ಟರು. ನಾವು ಕೆರೆಯವರೆಗೆ ಹೋಗಿ ಬಂದೆವು. ನಡೆದು ದಣಿದು ಬಂದವರು ಬರೀ ಹೊಟ್ಟೆಯಲ್ಲಿ ಹೋಗುವುದುಂಟೇ ಎಂದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಿಂದಿನ ದಿನದ ಹೋಳಿಗೆ ಬಡಿಸಿದರು. ಸಕ್ಕರೆ ಕಾಯಿಲೆ ಎಂದು ಹೇಳಿ ನೋಡಿದೆವು. ಮನೆಯವರು ಸಮಾಧಾನ ಹೇಳಿದರು: ಇದಕ್ಕೆ ಸಕ್ಕರೆ ಹಾಕಿಲ್ಲ, ಬರೀ ಬೆಲ್ಲ.

ಮುಂದಿನ ವಾರ ಊರು ಬದಲಾಯಿಸಿದೆವು. ಹೋಳಿಗೆ ಹೋಗಿ ಶಾವಿಗೆ ಪಾಯಸ ಬಂತು. ಅದರ ಮುಂದಿನ ವಾರ ಕಡುಬು. ಗಾಡಿ ನಿಲ್ಲಿಸಿದ ತಪ್ಪಿಗೆ ಉಣ್ಣದೆ ಬಿಡುಗಡೆಯಿಲ್ಲ. ನಾನಂತೂ ಸಂತೋಷದಿಂದಲೇ ಶಿಕ್ಷೆ ಅನುಭವಿಸಿದೆ.

ತಿಂಗಳ ಕೊನೆಗೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನೋಡಿದರೆ ಸಕ್ಕರೆ ಏರಿತ್ತು. ನಡೆಯುತ್ತಿದ್ದೀರೋ ಇಲ್ಲವೋ ಎಂದು ಗದರಿದರು. ಸಾಹುಕಾರರು ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿ, ನಡೆದದ್ದನ್ನೂ ಉಂಡದ್ದನ್ನೂ ಒಂದೂ ಬಿಡದೆ ವಿವರಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ನಡೆಯೋದು ನಿಲ್ಸಿಬಿಡ್ರಿ. ಮನೇಲಿ ಕೂತಿದ್ರೆ ತಾನಾಗೇ ಕಡಿಮೆ ಆಗ್ತದೆ."

೩. ಮೀಟರ್ ಕಡ್ಡಿ

ಹಾಗಾದರೆ ದುಡ್ಡು ಕೊಟ್ಟು ಗಾಡಿ ನಿಲ್ಲಿಸುವ ಜಾಗವೇ ವಾಸಿ, ಅಲ್ಲಿ ಯಾರೂ ಬಡಿಸುವುದಿಲ್ಲ ಎಂದು ತೀರ್ಮಾನಿಸಿದೆವು. ಶಿರಾಳಕೊಪ್ಪದ ರಸ್ತೆಯಲ್ಲಿ ಬಸ್ ನಿಲ್ಲುವ ಕಡೆ ಒಂದು ಸೈಕಲ್ ಸ್ಟ್ಯಾಂಡ್ ಇತ್ತು. ಪೇಟೆಗೆ ಹೋಗುವವರು ಸೈಕಲ್ ಬಿಟ್ಟು ಬಸ್ ಹತ್ತುತ್ತಿದ್ದರು. ನಾವು ಸ್ಕೂಟರ್ ಬಿಟ್ಟೆವು, ಬಸ್ ಬಂತು, ನಾವು ಹತ್ತಲಿಲ್ಲ. ಗದ್ದೆಯ ಕಡೆ ತಿರುಗಿದೆವು. ಎಲ್ಲಿಗೆ ಹೊರಟಿರಿ ಎಂದು ಸ್ಟ್ಯಾಂಡಿನವನು ಕೇಳಿದ. ಎಲ್ಲಿಗೂ ಇಲ್ಲ, ಸುಮ್ಮನೆ ನಡೆದು ಇಲ್ಲಿಗೇ ಬರುತ್ತೇವೆ ಎಂದೆ. ಪೆಟ್ರೋಲು ಸುಟ್ಟು, ಸ್ಟ್ಯಾಂಡಿಗೂ ಕಾಸು ಕೊಟ್ಟು, ಎಲ್ಲಿಗೂ ಹೋಗದ ಜನರನ್ನು ಆತ ಅದುವರೆಗೆ ಕಂಡಿರಲಿಲ್ಲ.

ಮೇಲಾಗಿ ಸಾಹುಕಾರರ ಕೈಯಲ್ಲಿ ಬಟ್ಟೆ ಅಳೆಯುವ ಕಬ್ಬಿಣದ ಮೀಟರ್ ಕಡ್ಡಿ ಇತ್ತು. ನಾಯಿ ಬಂದರೆ ಇರಲಿ ಎಂದು ಅಂಗಡಿಯಿಂದ ತಂದದ್ದು. ಆಗ ಎಲ್ಲ ಕಡೆ ಬಗರ್‌ಹುಕುಂ ಸಾಗುವಳಿಯ ಸರ್ಕಾರಿ ಜಮೀನನ್ನು ಅಳೆದು ಸಕ್ರಮ ಮಾಡುವ ಮಾತು. ನಾವು ಮೊದಲ ಬದು ದಾಟುವುದರೊಳಗೆ, ಅಳತೆಯವರು ಬಂದರು ಎಂಬ ಸುದ್ದಿ ನಮಗಿಂತ ಮುಂದೆ ನಡೆದಿತ್ತು.

ಒಬ್ಬ ರೈತ ಓಡಿ ಬಂದು ತನ್ನ ಬದುವನ್ನು ಪಕ್ಕದವನು ಒತ್ತಿದ್ದಾನೆ, ನಾಲ್ಕೂ ಮೂಲೆ ಕಣ್ಣಾರೆ ನೋಡಿ ಎಂದ. ನೋಡಿದೆವು. ಪಕ್ಕದವನು ಬಂದು, ಅವನದನ್ನು ಮಾತ್ರ ನೋಡಿದರೆ ನ್ಯಾಯವೇ ಎಂದ. ಅದನ್ನೂ ಸುತ್ತಿದೆವು. ತಾನು ಬಟ್ಟೆ ಅಂಗಡಿಯವನು ಎಂದು ಸಾಹುಕಾರರು ಹೇಳಿದಷ್ಟೂ ಅವರಿಗೆ ನಂಬಿಕೆ ಬಲವಾಯಿತು. ದೊಡ್ಡ ಅಧಿಕಾರಿಗಳು ಹೀಗೇ ಮಾರುವೇಷದಲ್ಲಿ ಬರುವುದಂತೆ. ಸಾಹುಕಾರರು ಕೊನೆಗೆ ಬೇಸತ್ತು, ಇಬ್ಬರೂ ಹೊಂದಿಕೊಂಡು ಹೋಗಿ ಎಂದು ಬುದ್ಧಿ ಹೇಳಿದರು. ಸರ್ಕಾರದ ಆಜ್ಞೆ ಎಂದು ಇಬ್ಬರೂ ಕೈಮುಗಿದರು. ಉಪಚಾರ ಮಾಡಿದರೆ ಲಂಚ ಕೊಟ್ಟರು ಎಂದಾರೆಂಬ ಭಯ ಇಬ್ಬರಿಗೂ, ಆದ್ದರಿಂದ ಯಾರೂ ನಮಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ.

ಕಾಲು ಎಳೆದುಕೊಂಡು ಸ್ಟ್ಯಾಂಡಿಗೆ ಬಂದೆವು. ಸ್ಟ್ಯಾಂಡಿನವನು ನಾವು ಕೊಟ್ಟ ಕಾಸನ್ನು ವಾಪಸು ಸಾಹುಕಾರರ ಕೈಗೇ ಇಟ್ಟ. ತನ್ನದೂ ಗುಡ್ಡದ ಆಚೆ ಒಂದು ತುಂಡು ಜಮೀನಿದೆ, ಹೊತ್ತಿರುವಾಗಲೇ ಒಂದು ಸುತ್ತು ಹಾಕಿ ಬನ್ನಿ ಎಂದ. ಆ ವಾರ ಮೊದಲ ಬಾರಿಗೆ ಸಾಹುಕಾರರ ಸಕ್ಕರೆ ಇಳಿಯಿತು.

೪. ಹೆಣ್ಣು ನೋಡಿದ ಸ್ಕೂಟರ್

ಮತ್ತೆ ಆ ಕಡೆ ತಲೆ ಹಾಕುವಂತಿರಲಿಲ್ಲ. ಕುಪ್ಪಗಡ್ಡೆಗೆ ಹೋದೆವು. ಒಂದು ಮನೆಯ ಮುಂದೆ ಗಾಡಿ ನಿಲ್ಲಿಸುತ್ತಿದ್ದಂತೆ ಯಜಮಾನರೇ ಎದುರು ಬಂದು, ಬನ್ನಿ ಬನ್ನಿ, ನಿಮ್ಮನ್ನೇ ಕಾಯುತ್ತಿದ್ದೆವು ಎಂದು ಕಾಲಿಗೆ ನೀರು ಕೊಟ್ಟರು. ನಮ್ಮ ಖ್ಯಾತಿ ಇಲ್ಲಿಯವರೆಗೂ ಬಂದಿದೆ ಎಂದುಕೊಂಡೆವು. ಒಳಗೆ ಹೊಸ ಜಮಖಾನ ಹಾಸಿತ್ತು. ಉಪ್ಪಿಟ್ಟು, ಕೇಸರಿಬಾತು ಬಂತು. ಆ ಎರಡು ಒಟ್ಟಿಗೆ ಬಂದಾಗಲೇ ನಮಗೆ ತಿಳಿಯಬೇಕಿತ್ತು. ಆದರೆ ಎಲ್ಲ ಅಂಗಳದಲ್ಲೂ ಉಂಡು ಉಂಡು ನಮಗೆ ಅನುಮಾನವೇ ಸತ್ತು ಹೋಗಿತ್ತು.

ಆಮೇಲೆ ರೇಷ್ಮೆ ಸೀರೆಯುಟ್ಟ ಹುಡುಗಿ ತಲೆ ತಗ್ಗಿಸಿಕೊಂಡು ಕಾಫಿ ತಂದಳು. ಯಜಮಾನರು ನನ್ನ ನರೆತ ಮೀಸೆಯನ್ನೂ ಸಾಹುಕಾರರ ಹೊಟ್ಟೆಯನ್ನೂ ಒಮ್ಮೆ ನೋಡಿ, ಹುಡುಗ ಎಲ್ಲಿ ಎಂದು ಮೆತ್ತಗೆ ಕೇಳಿದರು. ಸಾಹುಕಾರರ ಬಾಯಲ್ಲಿದ್ದ ಕೇಸರಿಬಾತು ಅಲ್ಲೇ ನಿಂತಿತು. ಸ್ಕೂಟರ್ ನಿಲ್ಲಿಸಲು ಬಂದವರು ನಾವು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಜೀಪು ಬಂತು. ನಿಜವಾದ ಗಂಡಿನ ಕಡೆಯವರು.

ಅವರು ಅಂಗಳದ ಸ್ಕೂಟರ್ ನೋಡಿದರು, ಜಮಖಾನದ ಮೇಲೆ ನಮ್ಮನ್ನು ನೋಡಿದರು, ಖಾಲಿಯಾದ ತಟ್ಟೆಗಳನ್ನೂ ನೋಡಿದರು. ಬೇರೆ ಸಂಬಂಧದವರು ಮುಂದಾಗಿದ್ದಾರೆ ಎಂದು ಗಾಬರಿಯಾಗಿ, ನಿಂತಲ್ಲೇ ಒಪ್ಪಿದೆವು ಎಂದರು. ಬೇಡಿಕೆ ಗೀಡಿಕೆ ಏನೂ ಇಲ್ಲ, ತಾಂಬೂಲ ಇವತ್ತೇ ಆಗಲಿ ಎಂದರು. ಹುಡುಗಿಯ ತಂದೆ ನಮ್ಮ ಕೈ ಹಿಡಿದುಕೊಂಡು ಅತ್ತೇಬಿಟ್ಟರು. ನನಗೂ ಕಣ್ಣು ತುಂಬಿ ಬಂತು.

ವಾಪಸು ಬರುವಾಗ ಹಿಂದೆ ಕೂತ ಸಾಹುಕಾರರು ನಿಟ್ಟುಸಿರು ಬಿಟ್ಟರು.

"ನಮ್ಮನಿ ಮುಂದೂ ಯಾರರ ಹಿಂಗ ಗಾಡಿ ತಂದು ನಿಲ್ಸಿದ್ರ ಚಲೋ ಇತ್ತು ನೋಡ್ರಿ, ಮೇಷ್ಟ್ರೆ."

ಮರುದಿನದಿಂದ ಈ ಸ್ಕೂಟರನ್ನೇ ಅವರ ಮನೆ ಮುಂದೆ ನಿಲ್ಲಿಸಿ ನೋಡಿದೆವು. ಅವರದೇ ಸ್ಕೂಟರ್ ಆದ್ದರಿಂದ ಯಾರೂ ಗಾಬರಿಯಾಗಲಿಲ್ಲ.

೫. ಒಂದೇ ಅಂಗಳ

ಇದಾದ ಮೇಲೆ ಹೆಣ್ಣು ಮಕ್ಕಳಿದ್ದ ಮನೆಯವರೆಲ್ಲ ನಮ್ಮ ಮನೆ ಮುಂದೆಯೂ ಒಂದು ದಿನ ಗಾಡಿ ನಿಲ್ಲಿಸಿ ಎಂದು ಹೇಳಿ ಕಳಿಸತೊಡಗಿದರು. ತಪ್ಪಿಸಿಕೊಳ್ಳಲು ದೂರ ದೂರ ಹೋಗಿ ಕ್ಯಾಸನೂರಿನ ಕಡೆಯ ಒಂದು ಹಳ್ಳಿ ಮುಟ್ಟಿದೆವು. ಅಲ್ಲಿ ಅಜ್ಜಿಯೊಬ್ಬರ ಅಂಗಳದಲ್ಲಿ ಗಾಡಿ ನಿಲ್ಲಿಸಿದೆ. ಬೇಸಿಗೆಯಲ್ಲಿ ಮಂಗನ ಕಾಯಿಲೆ ಇರುತ್ತದೆ, ಕಾಡಿನೊಳಗೆ ಹೋಗಬೇಡಿ, ಕೆರೆ ಏರಿಯ ಮೇಲೆ ಮಾತ್ರ ನಡೆಯಿರಿ ಎಂದು ಅಜ್ಜಿ ಎಚ್ಚರಿಸಿದರು. ಅಂಗಳದಲ್ಲಿ ಆಗಲೇ ಇನ್ನೊಂದು ಬೈಕು ನಿಂತಿತ್ತು. ಜಗಲಿಯಲ್ಲಿ ಒಬ್ಬರು ಅವಲಕ್ಕಿ ತಿನ್ನುತ್ತಿದ್ದರು.

ಸಾಹುಕಾರರು ಅವರನ್ನು ನೋಡಿದವರೇ ಸ್ಕೂಟರಿನ ಹಿಂದೆ ಅವಿತುಕೊಳ್ಳಲು ನೋಡಿದರು. ಅವರ ಮೈ ಮರೆಯಾಗುವಷ್ಟು ದೊಡ್ಡ ಸ್ಕೂಟರ್ ಯಾರೂ ಮಾಡಿಲ್ಲ. ಅವಲಕ್ಕಿ ತಿನ್ನುತ್ತಿದ್ದವರು ಸೊರಬದ ಅಕ್ಕಿ ಗಿರಣಿಯವರು, ತಿಳಿಸುತ್ತೇವೆ ಎಂದು ಹೋದ ಹುಡುಗನ ತಂದೆ. ಅವರೂ ತಟ್ಟೆ ಹಿಡಿದು ಕಂಬದ ಮರೆಗೆ ಸರಿಯುತ್ತಿದ್ದರು.

ಕೊನೆಗೆ ಇಬ್ಬರೂ ನಮಸ್ಕಾರ ಮಾಡಿದರು. ಇಲ್ಲೊಂದು ಭತ್ತದ ವ್ಯವಹಾರವಿತ್ತು ಎಂದರು ಗಿರಣಿಯವರು. ತಮ್ಮದೂ ಇಲ್ಲೇ ಬಟ್ಟೆಯ ವ್ಯವಹಾರ ಎಂದರು ಸಾಹುಕಾರರು. ಅಜ್ಜಿ ನಕ್ಕರು.

"ಎಂತ ಭತ್ತ ಮಾರಾಯ್ರೆ? ಇವ್ರು ವಾರ ವಾರ ಇಲ್ಲಿ ಗಾಡಿ ನಿಲ್ಸಿ ಏರಿ ಮೇಲೆ ನಡ್ಕಂಡು ಹೋಗ್ತಾರೆ. ಸಕ್ಕರೆ ಕಾಯಿಲೆ ಅಂತೆ."

ಇನ್ನು ಮುಚ್ಚುಮರೆ ಏಕೆಂದು ನಾನು ನಮ್ಮ ಕಥೆಯನ್ನೂ ಹೇಳಿಬಿಟ್ಟೆ. ಗಿರಣಿಯವರು ತಲೆ ತಗ್ಗಿಸಿ ಕೇಳಿದರು. ಸೊರಬದಲ್ಲಿ ನಡೆದರೆ ಗಿರಣಿ ಮುಚ್ಚಿತು ಅಂತಾರೆ, ಅದಕ್ಕೇ ಇಷ್ಟು ದೂರ ಬರುತ್ತೇನೆ ಎಂದರು. ಆಮೇಲೆ ನಮ್ಮ ಸ್ಕೂಟರಿನ ಕಡೆ ನೋಡಿ, ಬಹಳ ಸಂಕೋಚದಿಂದ ಇನ್ನೊಂದು ಮಾತು ಹೇಳಿದರು.

"ನೀವು ನಡ್ಕಂಡು ತಿರುಗ್ತಿದೀರಿ, ಗಾಡಿ ಮಾರಿ ಆಗಿದೆ ಅಂತ ಯಾರೋ ಹೇಳಿದ್ರು. ಹಂಗಾಗಿ ತಿಳ್ಸೋದು ತಡ ಮಾಡ್ದೆ. ತಪ್ಪಾತು."

ಸಾಹುಕಾರರು ಗಿರಣಿಯವರ ಕೈ ಹಿಡಿದುಕೊಂಡರು. ಇಬ್ಬರೂ ಏರಿಯ ಮೇಲೆ ಆ ತುದಿಯವರೆಗೆ ಜೊತೆಯಾಗಿ ನಡೆದರು. ನಾನು ಹಿಂದೆಯೇ ಉಳಿದೆ. ತಿರುಗಿ ಬರುವಾಗ ಬೀಗರಾಗಿಯೇ ಬಂದರು. ಅಷ್ಟು ಸಂತೋಷ ತುಂಬಿದ ಇಬ್ಬರು ದಪ್ಪ ಮನುಷ್ಯರನ್ನು ನಾನು ಮತ್ತೆ ನೋಡಿಲ್ಲ.

ತಮ್ಮ ಅಂಗಳದಲ್ಲಿ ಮದುವೆ ಕೂಡಿ ಬಂತೆಂದು ಅಜ್ಜಿಗೂ ಸಂಭ್ರಮ. ಉಣ್ಣದೆ ಗಾಡಿ ಮುಟ್ಟುವಂತಿಲ್ಲ ಎಂದು ಎಲೆ ಹಾಕಿಯೇ ಬಿಟ್ಟರು. ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದು ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು ಬಂದು ನಿಂತರು.

"ನಿಮ್ಮಲ್ಲಿ ಗಂಡಿನ ಕಡೆಯೋರು ಯಾರು? ಅವ್ರಿಗೆ ಎರಡು ಹೋಳಿಗೆ ಹೆಚ್ಚು, ಮೇಲೆ ತುಪ್ಪ ಧಾರಾಳ. ಅದು ನಮ್ಮ ಪದ್ಧತಿ."

ಗಿರಣಿಯವರು ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ನಮ್ದು ಹೆಣ್ಣಿನ ಕಡೆ ಅಜ್ಜಿ" ಎಂದರು.

ಸಾಹುಕಾರರು ತಮ್ಮ ಎಲೆಯನ್ನೇ ಮಡಿಸುತ್ತ, "ನಮ್ದೂ ಹೆಣ್ಣಿನ ಕಡೀನ ರೀ" ಎಂದರು.

ಅಜ್ಜಿ ಒಂದು ಕ್ಷಣ ಯೋಚಿಸಿ, ಹಾಗಾದರೆ ಗಂಡು ಇವರೇ ಇರಬೇಕು ಎಂದು ನನ್ನ ಎಲೆಗೆ ಬಗ್ಗಿದರು.