ಹನುಮಂತಯ್ಯನ ಸ್ಕ್ರೂಡ್ರೈವರ್ ಪರೀಕ್ಷೆ

ಬೆಂಗಳೂರಿನ ಹೂಡಿಯ ಹನುಮಂತಯ್ಯನ ಮನೆಯಲ್ಲಿ ಅವನ ಕಿವಿ ಒಪ್ಪದ ಯಾವ ಯಂತ್ರವೂ ಹೊಸ್ತಿಲು ದಾಟಿದ್ದಿಲ್ಲ. ಮಿಕ್ಸಿ, ಗ್ರೈಂಡರು, ಸೀಲಿಂಗ್ ಫ್ಯಾನು, ಸಂಪಿನ ಮೋಟಾರು, ಕೊನೆಗೆ ಮೇಲಿನ ಮನೆಯ ಬಾಡಿಗೆಯವರು ತಂದ ವಾಷಿಂಗ್ ಮೆಷಿನ್ನು ಕೂಡ (ಅದಕ್ಕೂ ಇವನಿಗೂ ಯಾವ ಸಂಬಂಧವೂ ಇರಲಿಲ್ಲ) ಗೇಟಿನಲ್ಲೇ ನಿಂತು ಪರೀಕ್ಷೆ ಪಾಸು ಮಾಡಿಯೇ ಒಳಗೆ ಹೋಗಿತ್ತು. ಪರೀಕ್ಷೆ ಬಲು ಸರಳ. ಅವನ ಜೇಬಿನಲ್ಲಿ ಸದಾ ಇರುವ ಹಳದಿ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಯಂತ್ರದ ಮೈಗೆ ಒತ್ತುವುದು, ಹಿಡಿಯನ್ನು ಕಿವಿಗೆ ಆನಿಸುವುದು, ಕಣ್ಣು ಮುಚ್ಚುವುದು. ಒಳಗಿನ ಬೇರಿಂಗು ಏನು ಹೇಳುತ್ತದೋ ಅದೇ ತೀರ್ಪು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದು ಸುತ್ತುವ ರಿವೈಂಡಿಂಗ್ ಕಲಿತವನಿಗೆ ಮೂವತ್ತೈದು ವರ್ಷ ಅನ್ನ ಹಾಕಿದ್ದು ಆ ಕಿವಿಯೇ. ಅಂಗಡಿಯ ಬೋರ್ಡಿನ ಮೇಲೆ ‘ಇಲ್ಲಿ ಸುತ್ತಿದ ಹಳೇ ಮೋಟಾರು ಹೊಸದಕ್ಕಿಂತ ಗಟ್ಟಿ’ ಎಂದು ತಾನೇ ನಿಂತು ಬರೆಸಿದ್ದ.

ಇತ್ತೀಚೆಗೆ ಅವನಿಗಿದ್ದ ದೂರು ಒಂದೇ. ಜನ ಬಾಯಿಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ. ಹೆಂಡತಿ ಬೈರಮ್ಮ ಗೊಣಗುತ್ತಾಳೆ, ಮಗಳು ಪ್ರಿಯಾಂಕಾ ಪಿಸುಗುಡುತ್ತಾಳೆ, ಟಿವಿಯ ವಾರ್ತೆಯವರು ಕೂಡ ಗುಟ್ಟು ಹೇಳುವವರಂತೆ ಓದುತ್ತಾರೆ. ಒಂದು ಮಾತಿಗೆ ಎರಡು ಸಲ “ಏನು?” ಅನ್ನಬೇಕಾಗಿ ಬಂದರೆ ಅವನಿಗೆ ಸಿಟ್ಟು ಏರುತ್ತಿತ್ತು. ಮೂರನೆಯ “ಏನು?” ಮೆಟ್ರೋ ಸ್ಟೇಷನ್ನಿನವರೆಗೂ ಕೇಳುತ್ತಿತ್ತು.

ಅಂಥದ್ದರಲ್ಲಿ ಒಂದು ಗುರುವಾರ ಪ್ರಿಯಾಂಕಾ ಸಿಹಿಸುದ್ದಿ ತಂದಳು. ವೈಟ್‌ಫೀಲ್ಡಿನ ಆಫೀಸೊಂದರಲ್ಲಿ ಆರು ತಿಂಗಳ ತರಬೇತಿ ಕೆಲಸ, ಸೋಮವಾರವೇ ಸೇರಬೇಕು. ಷರತ್ತು ಒಂದೇ. ಸ್ವಂತ ಲ್ಯಾಪ್‌ಟಾಪ್ ತರಬೇಕು, ಅದರಲ್ಲಿ ಲಿನಕ್ಸ್ ಸರಿಯಾಗಿ ಓಡಬೇಕು. ಇಲ್ಲದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ.

“ಲಿನಕ್ಸ್ ಅಂದ್ರೆ ಏನಮ್ಮಾ ಅದು?”

“ಕಂಪನಿಯವರು ವಿಂಡೋಸ್ ಅಂತ ಒಂದನ್ನ ಒಳಗೆ ಹಾಕಿ ಕೊಡ್ತಾರಪ್ಪ. ಅದನ್ನ ತೆಗೆದು ನಾವು ಇದನ್ನ ಹಾಕ್ಕೊಳ್ಳೋದು. ನೀನು ಕಂಪನಿ ವೈಂಡಿಂಗ್ ಕಿತ್ತು ನಿನ್ನ ಕೈಯಾರೆ ಸುತ್ತಲ್ವಾ, ಹಂಗೆ.”

ಹನುಮಂತಯ್ಯನ ಮುಖ ಅರಳಿತು. ಮಗಳ ಓದು ಅವನಿಗೆ ಅರ್ಥವಾದದ್ದು ಅದೇ ಮೊದಲು.

“ರಿವೈಂಡಿಂಗ್ ಅಂತ ಹೇಳು ಮತ್ತೆ. ಇದಕ್ಕೆ ನಾಲ್ಕು ವರ್ಷ ಕಾಲೇಜಿಗೆ ಯಾಕೆ ಹೋದೆ, ಅಂಗಡಿಗೇ ಬಂದಿದ್ರೆ ಆಗ್ತಿತ್ತಲ್ಲ.”

“ಎಲ್ಲಾ ಲ್ಯಾಪ್‌ಟಾಪೂ ಒಪ್ಪಲ್ಲಪ್ಪ. ಕೆಲವದರಲ್ಲಿ ವೈಫೈ ಸಿಗಲ್ಲ. ಕೆಲವು ಒಂದ್ಸಲ ಮುಚ್ಚಿದ್ರೆ ಮತ್ತೆ ಏಳೋದೇ ಇಲ್ಲ. ಅದಕ್ಕೇ ಲಿಸ್ಟ್ ಮಾಡಿಟ್ಟಿದ್ದೀನಿ.”

“ಲಿಸ್ಟ್ ಹಿಡ್ಕೊಂಡು ತರಕ್ಕೆ ಅದೇನು ತೊಗರಿಬೇಳೆನಾ? ಶನಿವಾರ ನಾನೇ ಬತ್ತೀನಿ.”

ಬೈರಮ್ಮ ಸೌಟು ಕೆಳಗಿಟ್ಟು ಏನೋ ಅಂದಳು.

“ಏನು?”

“ಏನಿಲ್ಲ ಅಂದೆ ಕಣ್ರೀ.”

(ಅವಳು ಅಂದದ್ದು “ಮಗಳ ಕಂಪ್ಯೂಟರಿಗೆ ಅಪ್ಪನ ಕಿವಿ ಯಾಕೋ” ಅಂತ. ಪ್ರಿಯಾಂಕಾಗೆ ಕೇಳಿಸಿತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತು.)

ಶನಿವಾರ ಅಪ್ಪ ಮಗಳು ವೈಟ್‌ಫೀಲ್ಡಿನ ದೊಡ್ಡ ಷೋರೂಮಿಗೆ ಪಾದ ಬೆಳೆಸಿದರು. ಟೈ ಕಟ್ಟಿಕೊಂಡ ವಸಂತ್ ಎಂಬ ಸೇಲ್ಸ್‌ಮನ್ ಎದುರಾದ.

“ಹೇಳಿ ಸಾರ್, ಯಾವ ಯೂಸ್‌ಗೆ ಬೇಕಿತ್ತು?”

“ಲಿನಕ್ಸ್ ಸುತ್ತಕ್ಕೆ.”

ವಸಂತನ ನಗು ಅರ್ಧಕ್ಕೇ ನಿಂತಿತು. ಪ್ರಿಯಾಂಕಾ ಬ್ಯಾಗಿನಿಂದ ಒಂದು ಪೆನ್ ಡ್ರೈವ್ ತೆಗೆದಳು. ಅದರೊಳಗೆ ಲಿನಕ್ಸ್ ಇದೆ, ಲ್ಯಾಪ್‌ಟಾಪಿನ ಒಳಗಿರುವುದನ್ನು ಮುಟ್ಟದೆ ಇದರಿಂದಲೇ ಓಡಿಸಿ ನೋಡುತ್ತೇನೆ ಅಂದಳು. ಹಾಗೆಲ್ಲ ಹಾಕಲು ಪರ್ಮಿಷನ್ ಇಲ್ಲ ಎಂದ ವಸಂತ್.

“ಯಾಕಿಲ್ಲ?” ಎಂದ ಹನುಮಂತಯ್ಯ. ನಾಲ್ಕು ಸಾಲು ಆಚೆ ಟಿವಿ ನೋಡುತ್ತಿದ್ದ ಸಂಸಾರವೊಂದು ತಿರುಗಿ ನೋಡಿತು. “ನನ್ನ ಅಂಗಡಿಗೆ ಬಾ. ಕರೆಂಟ್ ಕೊಟ್ಟು ತೋರಿಸ್ದೆ ಒಂದು ಮೋಟಾರ್ ಈಚೆಗೆ ಕಳಿಸಿದ್ರೆ ಕೇಳು.”

ದೂರದಲ್ಲಿದ್ದ ಮ್ಯಾನೇಜರು ಬೇಗ ಬೇಗ ತಲೆಯಾಡಿಸಿ ಒಪ್ಪಿಗೆ ಕೊಟ್ಟ. ಪ್ರಿಯಾಂಕಾ ಅಪ್ಪನ ಕಡೆ ಹೆಮ್ಮೆಯಿಂದ ನೋಡಿದಳು. ಆ ದಿನ ಅಲ್ಲಿಗೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವಳ ಪಟ್ಟಿಯಲ್ಲಿ ಮೊದಲನೆಯದು ಬೂದುಬಣ್ಣದ ತೆಳ್ಳಗಿನದು. ಪೆನ್ ಡ್ರೈವ್ ಹಾಕಿದ್ದೇ ವೈಫೈ ಹಿಡಿಯಿತು, ಹಾಡು ಹಾಡಿತು, ಮುಚ್ಚಿ ತೆರೆದರೆ ಕಣ್ಣು ಬಿಟ್ಟಿತು.

“ಇದೇ ಅಪ್ಪ.”

“ತಾಳು.”

ಸ್ಕ್ರೂಡ್ರೈವರ್ ಜೇಬಿನಿಂದ ಹೊರಬಂತು. ವಸಂತ್ ಒಂದು ಹೆಜ್ಜೆ ಹಿಂದೆ ಸರಿದ, ಬಾಗಿಲ ಸೆಕ್ಯೂರಿಟಿಯವನು ಎರಡು ಹೆಜ್ಜೆ ಮುಂದೆ ಬಂದ. ಹನುಮಂತಯ್ಯ ಯಾರನ್ನೂ ಲೆಕ್ಕಿಸದೆ ತುದಿಯನ್ನು ಲ್ಯಾಪ್‌ಟಾಪಿನ ಮೈಗೊತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಅರ್ಧ ನಿಮಿಷ ಧ್ಯಾನಸ್ಥನಾದ.

“ಸತ್ತಿದೆ ಇದು.”

“ಇಲ್ಲ ಸಾರ್, ಫ್ಯಾನ್ ಓಡ್ತಿದೆ. ಸಣ್ಣಗೆ ಸೌಂಡ್ ಬರ್ತಿದೆ ನೋಡಿ.”

“ಏನು?”

“ಸೌಂಡ್ ಬರ್ತಿದೆ ಅಂದೆ ಸಾರ್.”

“ಮೂವತ್ತೈದು ವರ್ಷದ ಕಿವಿಗೆ ನೀನು ಸೌಂಡ್ ಯೋಳ್ಕೊಡ್ತೀಯಾ?”

ಆಮೇಲೆ ಇನ್ನೂ ಹತ್ತು ಲ್ಯಾಪ್‌ಟಾಪುಗಳು ಸಾಲಾಗಿ ಪರೀಕ್ಷೆಗೆ ಕೂತು ಸಾಲಾಗಿ ಫೇಲಾದವು. ಹನ್ನೆರಡನೆಯದು ಮೂಲೆಯಲ್ಲಿತ್ತು. ಕರಿ ಮೈ, ಇಟ್ಟಿಗೆಯಷ್ಟು ದಪ್ಪ, ಗಣೇಶನ ಪೆಂಡಾಲಿನ ಹಾಗೆ ಕೆಂಪು ಹಸಿರು ಮಿನುಗುವ ಕೀಲಿಗಳು, ಆಟ ಆಡುವವರಿಗೆಂದೇ ಮಾಡಿದ್ದು. ಸ್ಕ್ರೂಡ್ರೈವರ್ ಇಟ್ಟೊಡನೆ ಒಳಗಿನಿಂದ ಗೊರ್ರೋ ಎಂಬ ಗಂಭೀರ ನಾದ ಕಿವಿ ತುಂಬಿತು. ನಾನೂರು ಅಡಿ ಕೊಳವೆಬಾವಿಯೊಳಗೆ ತುಂಬು ಆರೋಗ್ಯದ ಪಂಪೊಂದು ಓಡಿದಂತೆ. ಹನುಮಂತಯ್ಯನ ಕಣ್ಣಾಲಿಗಳು ತೇವವಾದವು.

“ಇದು ಮೆಷಿನ್ ಅಂದ್ರೆ.”

“ಅಪ್ಪ, ಇದು ಲಿಸ್ಟಲ್ಲೇ ಇಲ್ಲ. ಪೆನ್ ಡ್ರೈವ್ ಹಾಕಿ ನೋಡ್ದೆ, ವೈಫೈ ಬರ್ತಾನೇ ಇಲ್ಲ.”

“ಒಸದು ಕಣಮ್ಮಾ, ಸಂಕೋಚ ಇರ್ತದೆ. ನಾಲ್ಕು ಜನದ ಮುಂದೆ ಎಂಗೆ ಬಂದಾತು? ಮನೇಲಿ ಸುತ್ತಿದ್ರೆ ಸರಿಹೋಗುತ್ತೆ.”

“ಅಪ್ಪ, ಸೋಮವಾರ...”

“ಬಿಲ್ ಮಾಡ್ರೀ.”

ಮನೆ ಬಾಗಿಲಲ್ಲಿ ಬೈರಮ್ಮ ಅದಕ್ಕೆ ಅರಿಶಿನ ಕುಂಕುಮವಿಟ್ಟು, ನಿಂಬೆಹಣ್ಣು ನಿವಾಳಿಸಿ ಒಳಗೆ ಕರೆದುಕೊಂಡಳು. ಪ್ರಿಯಾಂಕಾ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದಳು. ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಸಂಕೋಚ ಇನ್ನೂ ಹೋಗಿರಲಿಲ್ಲ. ವೈಫೈ ಇಲ್ಲ. ಮುಚ್ಚಳ ಮುಚ್ಚಿದರೆ ಮತ್ತೆ ಏಳುವುದಿಲ್ಲ. ಫ್ಯಾನು ಮಾತ್ರ ಹೂಡಿಗೆಲ್ಲ ಗಾಳಿ ಬೀಸುವ ಜವಾಬ್ದಾರಿ ತನ್ನದೇ ಎಂಬಂತೆ ಹೊಡೆದುಕೊಳ್ಳುತ್ತಿತ್ತು. ಹನುಮಂತಯ್ಯ ಹಟಮಾರಿ ಪಂಪಿಗೆ ಹೊಡೆಯುವಂತೆ ಅದರ ಪಕ್ಕೆಗೆ ಎರಡು ತಟ್ಟಿದ. ಬೇರಿಂಗಿನಲ್ಲಿ ಎಳ್ಳಷ್ಟೂ ದೋಷವಿಲ್ಲವೆಂದು ಸಾರಿದ.

“ಬೇರಿಂಗ್ ಯಾರು ಕೇಳಿದ್ರಪ್ಪ?” ಪ್ರಿಯಾಂಕಾ ಮುಚ್ಚಳವನ್ನು ಟಪ್ಪನೆ ಮುಚ್ಚಿದಳು. “ಇದರ ಪಾರ್ಟುಗಳನ್ನ ಓಡಿಸೋ ಪ್ರೋಗ್ರಾಮ್ ಲಿನಕ್ಸ್‌ಗೆ ಇನ್ನೂ ಯಾರೂ ಬರೆದೇ ಇಲ್ಲವಂತೆ. ವಿಂಡೋಸ್ ತೆಗೆದಿದ್ದಕ್ಕೆ ಷೋರೂಮಿನವ್ರು ವಾಪಸ್ಸೂ ತಗೊಳಲ್ವಂತೆ. ನಾಳೆ ಹೋಗಿ ಏನಂತ ಹೇಳ್ಲಿ? ನಮ್ಮಪ್ಪನ ಕಿವಿಗೆ ಇಷ್ಟ ಆಯ್ತು ಅಂತಲಾ?”

ಹನುಮಂತಯ್ಯ ಅದರ ಪಕ್ಕೆಗೆ ಇನ್ನೊಂದು ತಟ್ಟಿದ.

ಬೈರಮ್ಮ ಒಂದು ಡಬ್ಬಿ ಅವರೆಕಾಳು ಉಪ್ಪಿಟ್ಟು ಹಿಡಿದು ಮೆಟ್ಟಿಲು ಹತ್ತಿದಳು. ಇಳಿದಾಗ ಹಿಂದೆ ಮೇಲಿನ ಮನೆಯ ಶೈಲಾ ಇದ್ದಳು, ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವವಳು. ಅವಳ ಕಂಕುಳಲ್ಲಿ ಮೂಲೆ ಸವೆದ ಲ್ಯಾಪ್‌ಟಾಪೊಂದಿತ್ತು.

“ನಮ್ಮ ಆಫೀಸಲ್ಲಿ ತೆಗೆದುಹಾಕಿದ್ದು ಅಂಕಲ್. ಐದು ವರ್ಷ ಹಳೇದು. ಲಿನಕ್ಸ್‌ಗೆ ಇಂಥದ್ದೇ ವಾಸಿ. ಇದರ ಒಳಗಿನ ಪಾರ್ಟೆಲ್ಲ ಅದಕ್ಕೆ ಪರಿಚಯ ಆಗ್ಬಿಟ್ಟಿರುತ್ತೆ. ಪ್ರಿಯಾಂಕಾ ಇಟ್ಕೊಳ್ಳಲಿ, ನಾನು ಬೇರೆ ತಗೊಂಡಿದ್ದೀನಿ.”

“ಮೊದಲನೇ ದಿನವೇ ನನ್ನ ಮಗಳು ಯಾರೋ ಬಿಸಾಕಿದ ಹಳೇ ಮೆಷಿನ್ ಹಿಡ್ಕೊಂಡು ಹೋಗೋದಾ?”

“ಅಂಗಡಿ ಬೋರ್ಡ್ ಮೇಲೆ ಏನು ಬರೆಸಿದ್ದೀರಿ, ಒಂದ್ಸಲ ಓದಿ ಹೇಳಿ ನೋಡೋಣ,” ಎಂದಳು ಬೈರಮ್ಮ. ಈ ಸಲ ಅವಳು ಗೊಣಗಲಿಲ್ಲ.

ಅಷ್ಟರಲ್ಲಿ ಹಳೆಯ ಲ್ಯಾಪ್‌ಟಾಪು ಪೆನ್ ಡ್ರೈವ್ ನುಂಗಿ ವೈಫೈ ಹಿಡಿದಿತ್ತು. ಪ್ರಿಯಾಂಕಾ ಮುಚ್ಚಿದಳು, ತೆರೆದಳು, ಎದ್ದಿತು. ಮತ್ತೆ ಮುಚ್ಚಿದಳು, ತೆರೆದಳು, ಎದ್ದಿತು. ಷೋರೂಮಿನಿಂದ ಬಂದಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗು ಮೂಡಿತು. ಹನುಮಂತಯ್ಯ ತನ್ನ ಕೊನೆಯ ಅಸ್ತ್ರವನ್ನು ಹಿರಿದು ಅದರ ಮೈಗೆ ಒತ್ತಿದ.

“ನೋಡಿದ್ರಾ, ಇದೂ ಸತ್ತಿದೆ. ಫ್ಯಾನೇ ತಿರುಗ್ತಿಲ್ಲ. ನಾಳೆ ಮಧ್ಯಾಹ್ನಕ್ಕೆ ಸುಟ್ಟೋಗ್ತದೆ.”

ಮೂವರು ಹೆಂಗಸರೂ ಮುಖ ಮುಖ ನೋಡಿಕೊಂಡರು.

“ಅಪ್ಪ, ಆನ್ ಮಾಡಿದಾಗಿಂದ ಅದು ಸುಯ್ಯೋ ಅಂತಾನೇ ಇದೆ.”

“ಯಾವುದು?”

“ಫ್ಯಾನು ಅಂಕಲ್,” ಎಂದಳು ಶೈಲಾ. “ಸೌಂಡ್ ಜಾಸ್ತಿ ಅಂತಲೇ ನಾನು ಬೇರೆ ತಗೊಂಡಿದ್ದು.”

ಹನುಮಂತಯ್ಯ ಲ್ಯಾಪ್‌ಟಾಪಿನ ಪಕ್ಕದ ಕಿಂಡಿಗೆ ಅಂಗೈ ಹಿಡಿದ. ಬೆಚ್ಚನೆಯ ಗಾಳಿ ಬರುತ್ತಿತ್ತು. ಸ್ಕ್ರೂಡ್ರೈವರನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದ. ಕಣ್ಣು ಮುಚ್ಚಿದ, ತೆರೆದ. ಬೈರಮ್ಮ ಮೆಲ್ಲಗೆ ಏನೋ ಅಂದಳು.

“ಏನು?” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಸೋಮವಾರ ಪ್ರಿಯಾಂಕಾ ಹಳೆಯ ಲ್ಯಾಪ್‌ಟಾಪನ್ನು ಬೆನ್ನಿಗೇರಿಸಿಕೊಂಡು ಮೆಟ್ರೋ ಹತ್ತಿದಳು. ಬೈರಮ್ಮ ಅಂಗಡಿಗೆ ಬೀಗ ಹಾಕಿಸಿ ಗಂಡನನ್ನು ಕಿವಿ ಡಾಕ್ಟರ್ ವಿಶ್ವನಾಥ್ ಅವರ ಮುಂದೆ ಕೂರಿಸಿದಳು. ಡಾಕ್ಟರು ಕವಲೊಡೆದ ಉಕ್ಕಿನ ಸಲಾಕೆಯೊಂದನ್ನು ಮೊಣಕೈಗೆ ಬಡಿದು, ಅದರ ಬುಡವನ್ನು ಹನುಮಂತಯ್ಯನ ಕಿವಿಯ ಹಿಂದಿನ ಮೂಳೆಗೆ ಒತ್ತಿದರು.

“ಕೇಳಿಸ್ತಿದೆಯಾ?”

ಹನುಮಂತಯ್ಯ ಅಭ್ಯಾಸಬಲದಿಂದ ಕಣ್ಣು ಮುಚ್ಚಿದ. ಷೋರೂಮಿನ ಆ ಬೂದುಬಣ್ಣದ ಲ್ಯಾಪ್‌ಟಾಪಿಗೆ ಹೇಗಾಗಿರಬೇಕೆಂದು ಅವನಿಗೆ ಆಗ ಗೊತ್ತಾಯಿತು. ಡಾಕ್ಟರು ಇನ್ನೊಂದು ಕಿವಿಗೂ ಒತ್ತಿ, ಇನ್ನೂ ಏನೇನೋ ಪರೀಕ್ಷೆ ಮಾಡಿ, ತುಟಿ ಬಿಗಿದು ತಲೆಯಾಡಿಸಿದರು. ಸುಟ್ಟ ಮೋಟಾರ್ ನೋಡಿದಾಗ ಅವನು ಮಾಡುವ ಮುಖವೇ ಅದು.

“ಮೋಟಾರುಗಳ ಸದ್ದಿನಲ್ಲಿ ಎಷ್ಟು ವರ್ಷ ಇದ್ದೀರಿ?”

“ಮೂವತ್ತೈದು ಸಾರ್.”

“ದಪ್ಪ ಸದ್ದು ಕೇಳುತ್ತೆ. ಸಣ್ಣ ಸದ್ದು ಹೋಗಿದೆ.”

ಬೈರಮ್ಮ ಕುರ್ಚಿಯ ತುದಿಗೆ ಬಂದಳು. “ಡಾಕ್ಟ್ರೇ, ಅಂಗಂದ್ರೆ ಕಂಪನಿ ವೈಂಡಿಂಗ್ ಹೋಗಿದೆ ಅಂತ ತಾನೇ? ಬಿಚ್ಚಿ ಸುತ್ತೋ ಅಂಗಿದ್ರೆ ಸುತ್ತಿಬಿಡಿ. ಹಳೇದಾದ್ರೂ ಬಾಡಿ ಗಟ್ಟಿ ಇದೆ.”

ಡಾಕ್ಟರು ಕನ್ನಡಕ ತೆಗೆದು ನಕ್ಕರು. ಹನುಮಂತಯ್ಯನಿಗೆ ಅವಳ ಮಾತಿನ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು. ಮರ್ಯಾದೆ ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ ಅವಳ ಕಡೆ ತಿರುಗಿದ.

“ಏನು?”